ಮಳೆ ಬಿಟ್ಟ ಮೇಲಿನ ಹೂವು

ಹಸ್ತ ಮಳೆ ಕಳೆದು ಚಿತ್ತಿ ಹಿಡಿಯುವ ಹೊತ್ತಿಗೆ ತಡಸ ಕ್ರಾಸು ಹಳದಿಯಾಗಿರುತ್ತದೆ. ಹೆದ್ದಾರಿ ಪಕ್ಕದ ಸರ್ವಿಸ್ ರಸ್ತೆಯ ಉದ್ದಕ್ಕೂ ಗೋವಿನಜೋಳ ಹಾಸಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಂಗಸರು ಬರಿಗಾಲಲ್ಲಿ ಕಾಳಿನೊಳಗೆ ಸಾಲು ಎಳೆಯುತ್ತ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ತಾಡಪತ್ರಿಯನ್ನು ಬಗಲಲ್ಲಿಟ್ಟುಕೊಂಡ ಗಂಡಸರು ಗಳಿಗೆಗೊಮ್ಮೆ ಮುಗಿಲು ನೋಡುತ್ತಾರೆ. ಹುಬ್ಬಳ್ಳಿಯಿಂದ ಬಂದ ಬಸ್ಸುಗಳಲ್ಲಿ ಹಾವೇರಿಯವು ನೆಟ್ಟಗೆ ಓಡುತ್ತವೆ, ಮುಂಡಗೋಡದವು ಇಲ್ಲಿ ಪಡುವಣಕ್ಕೆ ಹೊರಳುತ್ತವೆ. ಹೊರಳುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿಯಬೇಕು. ಒಂದು ಚಹಾ ಕುಡಿದು ಮುಗಿಸುವಷ್ಟರಲ್ಲಿ ಬಯಲುಸೀಮೆ ಹಿಂದೆ ಬಿದ್ದಿರುತ್ತದೆ. ಹತ್ತಿ ಹೊಲದ ಎರೆಮಣ್ಣು ಹೋಗಿ ಮಸಾರಿ ಬರುತ್ತದೆ, ಬೇವು ಜಾಲಿ ಹೋಗಿ ಸಾಗವಾನಿ ಬರುತ್ತದೆ, ಮಾವಿನ ತೋಪುಗಳ ನೆರಳು ದಪ್ಪವಾಗುತ್ತದೆ. ಸರಕಾರಿ ಕಾಗದದಲ್ಲಿ ಇದು ಶಿಗ್ಗಾವಿ ತಾಲ್ಲೂಕು, ಹಾವೇರಿ ಜಿಲ್ಲೆ. ಗಿಡಮರಗಳ ಲೆಕ್ಕದಲ್ಲಿ ಇದು ಮಲೆನಾಡಿನ ಹೊಸ್ತಿಲು.

ಹೊಸ್ತಿಲಲ್ಲಿ ನಿಂತ ಊರಿಗೆ ಎರಡೂ ಕಡೆಯ ಗಾಳಿ. ಮಿರಗಾ ಮಳೆಯಿಂದ ಹಸ್ತದವರೆಗೆ ಪಡುವಣದ ಗಾಳಿ ತೇವ ಹೊತ್ತು ತರುತ್ತದೆ. ಗೋಡೆಗೆ ಹಾವಸೆ, ಹೆಂಚಿಗೆ ಪಾಚಿ, ಒಣಹಾಕಿದ ಬಟ್ಟೆಗೆ ಮುಗ್ಗಲು ವಾಸನೆ. ಚಿತ್ತಿ ನಡುವಿಗೆ ಬಂದಾಗ ಗಾಳಿ ಮಗ್ಗಲು ಬದಲಿಸುತ್ತದೆ. ಮೂಡಣದಿಂದ ಬರುವ ಗಾಳಿ ಒಣದು, ತುಟಿ ಬಿರಿಸುವಂಥದು. ಮುಂಜಾವಿನಲ್ಲಿ ಹುಲ್ಲಿನ ಮೇಲೆ ಇಬ್ಬನಿ, ಹತ್ತು ಗಂಟೆಗೆ ಚುರುಕು ಬಿಸಿಲು. ಸೀಗಿ ಹುಣ್ಣಿಮೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗುವ ಚಕ್ಕಡಿಗಳು ಇದೇ ಇಬ್ಬನಿಯಲ್ಲಿ ಗಾಲಿ ತೊಯಿಸಿಕೊಂಡು ಹೊರಡುತ್ತವೆ.

ಈ ಹದಿನೈದು–ಇಪ್ಪತ್ತು ದಿನ ನೆಲ ನೋಡುತ್ತ ನಡೆಯುವವರಿಗೆ ಸುಗ್ಗಿ. ಬೇಲಿಯ ಮೇಲೆ ಗೌರಿ ಹೂವಿನ ಬಳ್ಳಿ ಹಳದಿ–ಕೆಂಪು ದಳಗಳನ್ನು ಮೇಲಕ್ಕೆ ಮಡಚಿ ಕೊನೆಯ ಹೂ ಬಿಡುತ್ತಿರುತ್ತದೆ. ಭಾದ್ರಪದದ ಗೌರಿಗೆ ಏರುವ ಈ ಹೂವಿನ ಬುಡದಲ್ಲಿ ಕವಲೊಡೆದ ಗಡ್ಡೆಯಿದೆ, ಅದು ಹೊಟ್ಟೆಗೆ ಹೋದರೆ ವಿಷ. ದನ ಮೇಯದ ಹುಲ್ಲುಗಾವಲುಗಳಲ್ಲಿ, ಧಾರವಾಡದಿಂದ ಘಟ್ಟದ ನೆತ್ತಿಯವರೆಗೆ ಅಲ್ಲಲ್ಲಿ, ಹ್ಯಾಬೆನೇರಿಯಾ ಕುಲದ ನೆಲದ ಆರ್ಕಿಡ್‌ಗಳು ತಲೆ ಎತ್ತಿರುತ್ತವೆ. ಒಂದರದು ಅಚ್ಚ ಬಿಳಿ ಹೂ. ಅದರ ಹಿಂದೆ ತೋರುಬೆರಳಿಗಿಂತ ಉದ್ದದ ತೆಳು ನಳಿಗೆ, ನಳಿಗೆಯ ತುದಿಯಲ್ಲಿ ಮಕರಂದ. ಕತ್ತಲಾದ ಮೇಲೆ ಅದು ಕಂಪು ಸೂಸಿ ಉದ್ದ ಸೊಂಡಿಲಿನ ಪತಂಗಗಳನ್ನು ಕರೆಯುತ್ತದೆ. ಇನ್ನೊಂದು ಮೋಟು, ನೆಲಕ್ಕೆ ಅಂಟಿಕೊಂಡ ಎಲೆಗಳಿಗೆ ಹಳದಿ ಅಂಚು, ಹೂವೂ ಹಳದಿ. ಕುರಿ ಕಾಯುವ ಹುಡುಗರಿಗೆ ಇವು ಹುಲ್ಲಿನಲ್ಲೊಂದು ಹುಲ್ಲು. ದೀಪಾವಳಿ ಕಳೆಯುವಷ್ಟರಲ್ಲಿ ಎಲೆ ಒಣಗಿ ಗಿಡ ಕಣ್ಮರೆಯಾಗುತ್ತದೆ. ನೆಲದೊಳಗೆ ಹಳೇ ಗಡ್ಡೆ ಬತ್ತಿ, ಅದರ ಮಗ್ಗುಲಲ್ಲಿ ಹೊಸದೊಂದು ಕೂತಿರುತ್ತದೆ. ಮುಂದಿನ ಮಿರಗಾದವರೆಗೆ ಅದಕ್ಕೆ ನಿದ್ದೆ.

ಸರಿಯಾಗಿ ಇದೇ ವಾರಗಳಲ್ಲಿ, ಖಾಸಿ ಗುಡ್ಡಗಳಲ್ಲಿ, ಸಿಕ್ಕಿಂ–ಡಾರ್ಜಿಲಿಂಗ್ ಇಳಿಜಾರುಗಳಲ್ಲಿ, ನೇಪಾಳ–ಭೂತಾನದ ಪಾಚಿಗಟ್ಟಿದ ಬಂಡೆಗಳ ಮೇಲೆ ಪ್ಲಿಯೋನಿ ಅರಳುತ್ತದೆ. ಮನೆಯಲ್ಲಿ ಆರ್ಕಿಡ್ ಬೆಳೆಸುವವರ ನಡುವೆ ಈ ಹೆಸರು ಈಗೀಗ ಆಸೆ ಹುಟ್ಟಿಸುತ್ತಿದೆ. ಆಸೆ ಹುಟ್ಟಿಸುವಂಥದೇ ಹೂವು. ಗಿಡ ಒಂದು ಗೇಣು ಮೀರದು, ಹೂವು ಮಾತ್ರ ಅಂಗೈ ತುಂಬುತ್ತದೆ. ಡೇವಿಡ್ ಡಾನ್ ಎಂಬ ಸಸ್ಯವಿಜ್ಞಾನಿ 1825ರಲ್ಲಿ ಕಟ್ಟಿದ ಈ ಕುಲದಲ್ಲಿ ಬಹುಪಾಲು ಜಾತಿಗಳು ವಸಂತದಲ್ಲಿ ಹೂ ಬಿಡುತ್ತವೆ. ಮಳೆ ಬಿಟ್ಟ ಮೇಲೆ, ಅಕ್ಟೋಬರ್–ನವೆಂಬರಿನಲ್ಲಿ ಅರಳುವವು ಬೆರಳೆಣಿಕೆಯವು. ಅವುಗಳಲ್ಲಿ ಹೆಸರಾದವು ಎರಡು. ಪ್ರೀಕಾಕ್ಸ್ ಎಂಬುದರದು ಗುಲಾಬಿಯಿಂದ ನೇರಳೆಯವರೆಗಿನ ಬಣ್ಣ. ಕೆಳತುಟಿಯ ಅಂಚು ಜಾಲರಿ ಜಾಲರಿ, ನಡುವೆ ಹಳದಿ ಏಣುಗಳು. ಮ್ಯಾಕ್ಯುಲಾಟಾ ಬಿಳಿ, ತುಟಿಯ ಮೇಲೆ ಗಾಢ ಕೆನ್ನೇರಳೆಯ ಮಚ್ಚೆಗಳು, ಮೂಗು ಹತ್ತಿರ ಒಯ್ದರೆ ಕಂಪು. ಇವೆರಡೂ ಕೂಡಿ ಬೆಳೆಯುವ ಕಡೆ ತಾವಾಗಿಯೇ ಬೆರೆತು ಹುಟ್ಟಿದ ಮಿಶ್ರತಳಿಯೂ ಒಂದಿದೆ, ಲ್ಯಾಜಿನೇರಿಯಾ ಎಂದು.

ಹೂವಿಗಿಂತ ನನ್ನ ಕಣ್ಣು ಹೋಗುವುದು ಅದರ ಗಡ್ಡೆಯ ಕಡೆಗೆ. ಸಸ್ಯಶಾಸ್ತ್ರದಲ್ಲಿ ಇದು ನಿಜವಾದ ಗಡ್ಡೆಯಲ್ಲ, ಕಾಂಡವೇ ಉಬ್ಬಿ ಆದ ಹುಸಿಗಡ್ಡೆ. ಪ್ರೀಕಾಕ್ಸಿನದು ನೆತ್ತಿ ಚಪ್ಪಟೆ, ಮೈಯೆಲ್ಲ ಗಂಟು ಗಂಟು, ಹಸಿರಿನ ಮೇಲೆ ಕೆಂಗಂದು ಚುಕ್ಕೆಗಳು. ಅರ್ಧ ಪಾಚಿಯೊಳಗೆ, ಅರ್ಧ ಮೇಲೆ ಕೂತಿರುತ್ತದೆ. ಇದರ ಆಯುಷ್ಯ ಹೆಚ್ಚುಕಡಿಮೆ ಒಂದೇ ವರ್ಷದ ಸಂಸಾರ. ಗಡ್ಡೆಯ ಬುಡದಿಂದ ಹೊಸ ಮೊಳಕೆ ಹೊರಡುತ್ತದೆ, ಎರಡು ನೆರಿಗೆ ಎಲೆ ಬಿಡುತ್ತದೆ, ಮಳೆಗಾಲವೆಲ್ಲ ಉಂಡು ತಾನೇ ಹೊಸ ಗಡ್ಡೆಯಾಗುತ್ತದೆ. ಅಷ್ಟರಲ್ಲಿ ಹೆತ್ತದ್ದು ಸುಕ್ಕಿ ಸಿಪ್ಪೆಯಾಗಿರುತ್ತದೆ. ಮಳೆ ನಿಂತು ಎಲೆ ಹಳದಿಯಾಗಿ ಉದುರುತ್ತದೆ. ಬೋಳಾದ ಹೊಸ ಗಡ್ಡೆಯ ಬುಡದಿಂದ ಮೊಗ್ಗು ಮೇಲೇಳುತ್ತದೆ. ಹಿತ್ತಲಲ್ಲಿ ನೆಲಸಂಪಿಗೆ ಇಟ್ಟುಕೊಂಡವರಿಗೆ ಈ ನೋಟ ಹೊಸದಲ್ಲ, ಬರಿ ಮಣ್ಣಿನಿಂದ ಎಲೆಯಿಲ್ಲದ ಹೂವು ಏಳುವುದನ್ನು ಅವರು ಬೇಸಿಗೆಯಲ್ಲಿ ನೋಡಿರುತ್ತಾರೆ. ನಮ್ಮ ಹುಲ್ಲುಗಾವಲಿನ ಹ್ಯಾಬೆನೇರಿಯಾ ಮಾಡುವುದೂ ಇದನ್ನೇ: ವರ್ಷಕ್ಕೊಂದು ಗಡ್ಡೆ, ಮಳೆಯಲ್ಲಿ ಊಟ, ಒಣ ಕಾಲದಲ್ಲಿ ನಿದ್ದೆ. ತಡಸಕ್ಕೂ ಖಾಸಿ ಗುಡ್ಡಕ್ಕೂ ಗಡಿಯಾರ ಒಂದೇ, ಮುಂಗಾರಿನದು.

ಹಾಗಾದರೆ ಪ್ಲಿಯೋನಿ ಇಲ್ಲಿ ಬೆಳೆಯಬೇಕಲ್ಲ? ಪ್ರಶ್ನೆಗೆ ಉತ್ತರ ಕಟ್ಟೆಯ ಮೇಲಿನ ಒಂದು ಪಾಟನ್ನು ವರ್ಷಪೂರ್ತಿ ನಡೆಸಿ ನೋಡಿದರೆ ಸಿಗುತ್ತದೆ.

ಜೂನಿನಿಂದ ಸೆಪ್ಟೆಂಬರವರೆಗೆ ತಡಸಕ್ಕೆ ಹತ್ತಕ್ಕೆ ಒಂಬತ್ತು ಅಂಕ ಕೊಡಬಹುದು. ಮೋಡದ ಬೆಳಕು, ತಂಪು ಗಾಳಿ, ಮೇಲಿಂದ ಬೀಳುವ ಮೆದು ನೀರು. ಮಳೆನೀರು ಎಂಬುದನ್ನು ಒತ್ತಿ ಹೇಳಬೇಕು. ಈ ಸೀಮೆಯ ಬೋರ್‌ವೆಲ್ ನೀರು ಎಷ್ಟೋ ಕಡೆ ಗಡಸು. ಹಂಡೆಯ ಒಳಮೈಗೆ ಕಟ್ಟುವ ಬಿಳಿ ಹಕ್ಕಳೆ ನೋಡಿದರೆ ಗೊತ್ತಾಗುತ್ತದೆ. ಆ ನೀರು ಆರ್ಕಿಡ್ ಬೇರಿಗೆ ಆಗಿಬರದು. ಹೆಂಚಿನ ಮಾಡಿನ ನೀರನ್ನು ಡ್ರಮ್ಮಿಗೆ ಹಿಡಿದಿಟ್ಟುಕೊಂಡವರು ಗೆದ್ದರು. ಉಳಿದವರು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನು ಹೊರಬೇಕು.

ಪಾಟು ಅಗಲವಿರಲಿ, ಆಳ ಬೇಡ. ಇಡ್ಲಿ ಹಿಟ್ಟು ಕಲಸುವ ಬೋಗುಣಿಗಿಂತ ಆಳವಾದದ್ದು ವ್ಯರ್ಥ. ತಳಕ್ಕೆ ಒಡೆದ ಹೆಂಚಿನ ಚೂರು ಮತ್ತು ಇದ್ದಿಲು. ಮೇಲೆ ಸಣ್ಣ ತೊಗಟೆ ಚೂರು, ತೊಳೆದ ತೆಂಗಿನ ನಾರು, ಒಂದಿಷ್ಟು ಸ್ಫ್ಯಾಗ್ನಮ್ ಪಾಚಿ. ಹೊಲದ ಮಣ್ಣು ಒಂದು ಹಿಡಿಯೂ ಬೇಡ. ಗಡ್ಡೆಯ ಕೆಳಗಿನ ಪಾಲು ಮಾತ್ರ ಹೂಳಬೇಕು, ನೆತ್ತಿ ಗಾಳಿಗೆ ಬಿಡಬೇಕು. ಬೇರು ಮೂಡುವ ಮೊದಲೇ ನೀರು ಸುರಿದರೆ ಗಡ್ಡೆ ಕೊಳೆಯುತ್ತದೆ. ಮೂಡಿದ ಬೇರು ಒಮ್ಮೆ ಮುರಿದರೆ ಆ ಋತುವಿನಲ್ಲಿ ಅದು ಮತ್ತೆ ಚಿಗುರುವುದಿಲ್ಲ. ಎಲೆ ಹರಡಿದ ಮೇಲೆ ಧಾರಾಳ ನೀರು, ಹದಿನೈದು ದಿನಕ್ಕೊಮ್ಮೆ ತೀರ ತೆಳುವಾದ ಗೊಬ್ಬರದ ನೀರು. ಎಲೆ ಹಳದಿಯಾಗತೊಡಗಿದ್ದೇ ನೀರು ಕಡಿಮೆ ಮಾಡಿ ಕೈ ಕಟ್ಟಿಕೊಳ್ಳಬೇಕು. ಗಿಡ ಸಾಕುವವರಲ್ಲಿ ಮುಕ್ಕಾಲು ಜನ ಸೋಲುವುದು ಈ ಕೈ ಕಟ್ಟಿಕೊಳ್ಳುವ ಪರೀಕ್ಷೆಯಲ್ಲಿ.

ನವೆಂಬರ್ ಬಂತು, ಹೂವೂ ಬಂತು ಅನ್ನಿ. ನರ್ಸರಿಯಿಂದ ಸೆಪ್ಟೆಂಬರಿನಲ್ಲಿ ಬಂದಿಳಿದ ಗಡ್ಡೆ ನವೆಂಬರಿನಲ್ಲಿ ಅರಳಿದರೆ ಅದು ನಿಮ್ಮ ಕೈಗುಣವಲ್ಲ, ಗಡ್ಡೆ ಗುಡ್ಡದಿಂದ ಕಟ್ಟಿಕೊಂಡು ಬಂದ ಬುತ್ತಿ. ಎಷ್ಟೋ ಮಂದಿ ಆ ಮೊದಲ ಹೂವಿನ ಫೋಟೋ ಹಂಚಿಕೊಂಡು ಸುಮ್ಮನಾಗುತ್ತಾರೆ. ಎರಡನೇ ವರ್ಷದ ಹೂವಿನ ಫೋಟೋ ತೋರಿಸಿ ಎಂದು ಕೇಳುವುದು ಒಳ್ಳೆಯ ಅಭ್ಯಾಸ.

ಯಾಕೆಂದರೆ ತೊಡಕು ಈಗ ಶುರು. ಹೂವು ಬಾಡುತ್ತಲೇ ಶರತ್ಕಾಲದ ಜಾತಿಗಳು ಹೊಸ ಬೇರಿನ ಕಡೆ ಮನಸ್ಸು ಮಾಡುತ್ತವೆ. ಪಾಟು ಬದಲಿಸುವುದಿದ್ದರೆ ಆಗಲೇ ಬದಲಿಸಬೇಕು. ಆಮೇಲಿನ ಎರಡು–ಮೂರು ತಿಂಗಳು ಅವಕ್ಕೆ ಬೇಕಾದದ್ದು ಒಣ ಚಳಿ. 5ರಿಂದ 10 ಡಿಗ್ರಿಯ ರಾತ್ರಿಗಳು. ತಡಸ ಇರುವುದು ಸಮುದ್ರಮಟ್ಟದಿಂದ 600 ಮೀಟರಿನ ಆಚೀಚೆ. ಎಳ್ಳಮಾಸಿಯ ಸುಮಾರಿಗೆ ಮುಂಜಾನೆ ಕಂಬಳಿ ಹೊದ್ದು ಕೂರುವಷ್ಟು ಚಳಿ ಬೀಳುತ್ತದೆ ನಿಜ, ಹದಿಮೂರು–ಹದಿನಾಲ್ಕು ಡಿಗ್ರಿ. ಗಡ್ಡೆ ಅದನ್ನು ಹೇಗೋ ಸಹಿಸೀತು. ನನ್ನ ದೃಷ್ಟಿಯಲ್ಲಿ ಇಲ್ಲಿಯ ವೈರಿ ಜನವರಿಯಲ್ಲ, ಏಪ್ರಿಲ್. ಹೋಳಿ ಹುಣ್ಣಿಮೆ ಕಳೆದದ್ದೇ ಸೂರ್ಯ ನೆತ್ತಿಗೆ ಬರುತ್ತಾನೆ. ಯುಗಾದಿಯ ಹೊತ್ತಿಗೆ ಮಾವಿನ ತೋಪಿನ ನೆರಳಿನಲ್ಲೂ ಗಾಳಿ ಬಿಸಿ. ನಡು ಹಗಲು 37–38 ಡಿಗ್ರಿ, ರಾತ್ರಿಯೂ ಗೋಡೆ ಕಾದೇ ಇರುತ್ತದೆ. ಅದೇ ವಾರಗಳಲ್ಲಿ ಪ್ಲಿಯೋನಿಯ ಎಳೆ ಮೊಳಕೆ ಎಲೆ ಬಿಡಿಸುತ್ತಿರುತ್ತದೆ. ಬೆಚ್ಚಗಿನ ರಾತ್ರಿಯಲ್ಲಿ ಗಿಡದ ಉಸಿರಾಟ ಜೋರಾಗುತ್ತದೆ, ಹಗಲು ಕೂಡಿಟ್ಟದ್ದು ರಾತ್ರಿ ಕರಗುತ್ತದೆ. ಅಡಕೆಯಷ್ಟಿದ್ದ ಹೊಸ ಗಡ್ಡೆ ಮರುವರ್ಷ ಕಡಲೆಯಷ್ಟಾಗುತ್ತದೆ. ಸಾಯುವುದಿಲ್ಲ, ಸಣ್ಣದಾಗುತ್ತ ಹೋಗುತ್ತದೆ. ಹೂವು ಬಿಡುವ ಗಾತ್ರ ಮತ್ತೆ ಬರುವುದೇ ಇಲ್ಲ.

ಫ್ರಿಜ್ಜಿನಲ್ಲಿಟ್ಟರೆ ಆಗದೇ, ಎಂದು ಜಾಣರು ಕೇಳುತ್ತಾರೆ. ಆಗುತ್ತದೆ, ವಸಂತದಲ್ಲಿ ಅರಳುವ ಜಾತಿಗಳಿಗೆ. ತೈವಾನಿನ ಫಾರ್ಮೊಸಾನ ಎಂಬ ಜಾತಿಯ ಗಡ್ಡೆಗಳನ್ನು ಬೇರು ಕತ್ತರಿಸಿ, ಕಾಗದದ ಚೀಲದಲ್ಲಿ ಸುತ್ತಿ, ತರಕಾರಿ ಡಬ್ಬಿಯ ಪಕ್ಕ ಚಳಿಗಾಲ ಕಳೆಯಿಸುವುದು ಹೊರದೇಶಗಳ ಹವ್ಯಾಸಿಗಳಲ್ಲಿ ಸಾಮಾನ್ಯ ರೂಢಿ. ಶರತ್ಕಾಲದವಕ್ಕೆ ಈ ಉಪಾಯ ನಡೆಯುವುದಿಲ್ಲ. ಅವು ಪೂರ್ತಿ ಮಲಗುವ ಜಾತಿಯಲ್ಲ. ಹೂ ಮುಗಿಯುತ್ತಲೇ ಬೇರು ಬಿಡುವ ತವಕದಲ್ಲಿರುವ ಗಡ್ಡೆಯನ್ನು ಕತ್ತಲ ಪೆಟ್ಟಿಗೆಗೆ ತಳ್ಳಿದರೆ ವರ್ಷದ ಲೆಕ್ಕವೇ ತಪ್ಪುತ್ತದೆ. ಬಿಸಿ ನಾಡಿನವರು ಹೆಚ್ಚು ಆಸೆಪಡುವ ದೀಪಾವಳಿ ಹೂವೇ ಅವರ ಉಪಾಯಕ್ಕೆ ಸಿಗದ್ದು.

ತಡಸ ಹೊರಗಿನವರನ್ನು ಒಲ್ಲೆ ಎನ್ನುವ ನೆಲವಲ್ಲ, ಇದನ್ನೂ ಹೇಳಬೇಕು. ರಸ್ತೆ ತುಂಬ ಒಣಗುತ್ತಿರುವ ಗೋವಿನಜೋಳದ ತವರು ಮೆಕ್ಸಿಕೋ. ಇಲ್ಲಿಂದ ಮೂಡಣಕ್ಕೆ ಸವಣೂರಿನ ದೊಡ್ಡಹುಣಸೆ ಕಲ್ಮಠದಲ್ಲಿ ನಿಂತಿರುವ ದೈತ್ಯ ಮರಗಳು ಆಫ್ರಿಕದ ಬಾವೊಬಾಬ್. ಬೇಸಿಗೆಯ ಬರದಲ್ಲಿ ಎಲೆ ಉದುರಿಸಿ, ಕಾಂಡದಲ್ಲಿ ನೀರು ಹಿಡಿದು ಕಾಯುವುದು ಅವಕ್ಕೆ ಹುಟ್ಟುಗುಣ. ಪಡುವಣಕ್ಕೆ ಮುಂಡಗೋಡದ ಟಿಬೆಟನ್ ಕ್ಯಾಂಪುಗಳು, 1966ರಿಂದ. ಹಿಮದ ನಾಡಿನಿಂದ ಬಂದವರು ಈ ಸೆಕೆಗೆ ಒಗ್ಗಿ, ಕಾಡಂಚಿನ ನೆಲದಲ್ಲಿ ಗೋವಿನಜೋಳ, ಭತ್ತ ಬೆಳೆದು, ಗಂದೆನ್ ಮತ್ತು ಡ್ರೆಪುಂಗ್ ಮಠಗಳನ್ನು ಮತ್ತೆ ಕಟ್ಟಿಕೊಂಡರು. ಮನುಷ್ಯರಿಗೆ ಫ್ಯಾನು ಇದೆ, ನೆರೆಹೊರೆ ಇದೆ, ಹಟವೂ ಇದೆ. ಅಡಕೆ ಗಾತ್ರದ ಗಡ್ಡೆಗೆ ಅದಾವುದೂ ಇಲ್ಲ.

ಹೊರಗಿನಿಂದ ಬಂದು ಈ ಭಾಗದ ಅಂಗಳವನ್ನೇ ಗೆದ್ದ ಗಡ್ಡೆ ಹೂವೊಂದಿದೆ: ಡೇರೆ. ಇದೂ ಮೆಕ್ಸಿಕೋದ್ದೇ, ಡೇಲಿಯಾ. ಶಿರಸಿ, ಸಿದ್ದಾಪುರ, ಸಾಗರದ ಮನೆಗಳ ಮುಂದೆ ಶ್ರಾವಣದಲ್ಲಿ ಹೋದರೆ ಮಳೆಯಲ್ಲಿ ತೊನೆಯುವ ಡೇರೆಯ ಸಾಲೇ ಸಾಲು. ಶಿರಸಿ ಕಡೆಯಿಂದ ಮದುವೆಯಾಗಿ ಬಂದವರಿದ್ದರೆ ತಡಸ ಸುತ್ತಿನ ಅಂಗಳಗಳಲ್ಲೂ ನಾಲ್ಕು ಕಾಣುತ್ತವೆ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕೆಂಪುಮಣ್ಣು, ಹಳೇ ಸೆಗಣಿ ಗೊಬ್ಬರ, ವಾಲದಂತೆ ಊರುಗೋಲು, ಮೊದಲ ಮಳೆಗೆ ನೆಟ್ಟ ಗಡ್ಡೆ ನವರಾತ್ರಿವರೆಗೆ ಹೂ ಕೊಡುತ್ತದೆ. ಮಹಾನವಮಿ ಕಳೆದ ಮೇಲೆ ಗಿಡ ಒಣಗಿದರೆ ನೀರು ನಿಲ್ಲಿಸಿ, ಗಡ್ಡೆ ತೆಗೆದು, ಒಣ ಮರಳಲ್ಲೋ ಬೂದಿಯಲ್ಲೋ ಮುಚ್ಚಿ ಅಟ್ಟದ ಮೇಲಿಡುತ್ತಾರೆ. ಕೆಲವರು ಕೊಟ್ಟೆಯನ್ನೇ ಜಗುಲಿಯ ಮೂಲೆಗೆ ಸರಿಸಿ ಮರೆಯುತ್ತಾರೆ.

“ಖಾಲಿ ಐತಲ್ಲವ್ವಾ ಇದು?” ಎಂದು ಅಂಥದೊಂದು ಕೊಟ್ಟೆಯನ್ನು ಕಾಲಲ್ಲಿ ಸರಿಸಲು ಹೋದರೆ ಒಳಗಿಂದ ಮಾತು ಬರುತ್ತದೆ: “ಖಾಲಿ ಇಲ್ರೀ, ಮಲಗೈತಿ. ನೀರ್ ಗೀರ್ ಹಾಕಿ ಎಬ್ಬಸಬ್ಯಾಡ್ರಿ, ಮಿರಗಾ ಮಳಿಗೆ ತಾನಽ ಏಳ್ತೈತಿ.”

ಪ್ಲಿಯೋನಿ ಬೆಳೆಸಲು ಬೇಕಾದ ವಿದ್ಯೆಯ ಅರ್ಧ ಈ ಮಾತಿನಲ್ಲಿದೆ. ಉಳಿದರ್ಧ ಚಳಿ, ಅದನ್ನು ಯಾರೂ ಕಲಿತು ತರಲಾರರು. ಡೇರೆ ಗಡ್ಡೆಯ ಇನ್ನೊಂದು ಒಳ್ಳೆಯತನವೆಂದರೆ ಅದು ಪೇಟೆಗಿಂತ ಹೆಚ್ಚಾಗಿ ಕೈಯಿಂದ ಕೈಗೆ ಓಡಾಡುತ್ತದೆ. ಶಿರಸಿಯ ವನಸ್ತ್ರೀ ಬಳಗದ ಹೆಂಗಸರು 2001ರಿಂದ ಬೀಜ, ಗಡ್ಡೆ, ಗಿಡಗಳ ಕೊಡುಕೊಳ್ಳುವಿಕೆಯನ್ನು ಮಲೆನಾಡ ಮೇಳದವರೆಗೆ ಬೆಳೆಸಿದ್ದಾರೆ. ಮಳೆ ಹಿಡಿಯುವ ಮುಂಚೆ ಅಲ್ಲಿಗೊಮ್ಮೆ ಹೋಗಿಬಂದವರ ಚೀಲ ಬರಿದಾಗಿ ಮರಳುವುದಿಲ್ಲ.

ಆರ್ಕಿಡ್ಡೇ ಬೇಕು ಎನ್ನುವವರು ಮಾವಿನ ಮರದ ಕೊಂಬೆ ನೋಡಲಿ. ಮುಂಡಗೋಡ ಹಾದಿಯ ಹಳೇ ಮಾವು, ಮತ್ತಿ, ಹಲಸಿನ ಮೇಲೆ ದಪ್ಪ ಬೂದು ಬೇರು ಇಳಿಬಿಟ್ಟುಕೊಂಡ ಗಿಡಗಳು ಈಗ ಸುಮ್ಮನೆ ಹಸಿರಾಗಿ ಕೂತಿವೆ. ಅವುಗಳಲ್ಲಿ ಸೀತಾಳೆ ದಂಡೆಯೂ ಇರಬಹುದು. ಮೇ–ಜೂನ್‌ನಲ್ಲಿ, ಮೊದಲ ಮಳೆಯ ಆಜೂಬಾಜು, ಗುಲಾಬಿ ಚುಕ್ಕೆಯ ಬಿಳಿ ಹೂಗಳ ಉದ್ದ ಗೊಂಚಲು ಇಳಿಬಿಡುತ್ತದೆ. ಕಾಡಿನಲ್ಲಿ ಸೀತೆ ಮುಡಿದ ದಂಡೆ ಇದು ಎಂಬ ಕತೆ ಘಟ್ಟದ ಮೇಲೆ ಇಂದಿಗೂ ಓಡುತ್ತದೆ. ಅಸ್ಸಾಮಿನಲ್ಲಿ ಇದೇ ಹೂವು ಬಿಹು ಕುಣಿಯುವ ಹುಡುಗಿಯರ ತುರುಬಿಗೆ ಏರುತ್ತದೆ, ಆ ರಾಜ್ಯದ ಹೂವೂ ಹೌದು. ಪ್ಲಿಯೋನಿಯ ನಾಡಿನಲ್ಲೂ ನಮ್ಮಲ್ಲೂ ಬಾಳುವ ಗಟ್ಟಿ ಗಿಡ ಇದು. ಏಪ್ರಿಲ್ ಬಿಸಿಲನ್ನು ದಪ್ಪ ಎಲೆ, ಬೇರುಗಳಿಂದ ಎದುರಿಸುತ್ತದೆ. ಪ್ಲಿಯೋನಿಯ ಹತ್ತಿರದ ನೆಂಟನೂ ಕರ್ನಾಟಕದ ಘಟ್ಟಗಳಲ್ಲಿದ್ದಾನೆ: ಫೋಲಿಡೋಟಾ. ಒಂದೇ ಉಪಪಂಗಡದವರು. ಒತ್ತೊತ್ತಾದ ಹುಸಿಗಡ್ಡೆ, ತಲಾ ಒಂದು ಎಲೆ, ಬಾಗಿ ಇಳಿಯುವ ದಂಟಿನ ಮೇಲೆ ಎರಡು ಸಾಲು ಪುಟ್ಟ ಮಾಸಲು ಹೂಗಳು. ರೂಪದಲ್ಲಿ ಪ್ಲಿಯೋನಿಗೆ ಸಾಟಿಯಲ್ಲ. ಆದರೆ ಮಳೆಗಾಲದ ಕೊನೆಯಲ್ಲಿ ನಿಯತ್ತಾಗಿ ಹೂ ಬಿಡುತ್ತದೆ, ಫ್ರಿಜ್ಜು ಕೇಳುವುದಿಲ್ಲ.

ಬೇಕು ಎಂದಾಕ್ಷಣ ಮರ ಹತ್ತಿ ಕೀಳುವುದಲ್ಲ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಅದರೊಳಗೆ ಮೊಳಕೆಗೆ ಬೇಕಾದ ಆಹಾರವಿಲ್ಲ. ಮಣ್ಣಿನ ಅಥವಾ ತೊಗಟೆಯ ಒಂದು ಬಗೆಯ ಶಿಲೀಂಧ್ರ ಉಣಿಸಿದರೆ ಮಾತ್ರ ಅದು ಕಣ್ಣು ಬಿಡುತ್ತದೆ. 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ ಈ ಗುಟ್ಟನ್ನು ಹಿಡಿದ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರವಿಲ್ಲದೆ, ಸಕ್ಕರೆ ಬೆರೆಸಿದ ಅಗರಿನ ಮೇಲೆ ಬೀಜ ಮೊಳೆಯಿಸಿ ತೋರಿಸಿದ. ಇಂದು ನರ್ಸರಿಯ ಗಾಜಿನ ಸೀಸೆಗಳಲ್ಲಿ ಸಾವಿರಾರು ಸಸಿ ಏಳುವುದು ಆ ದಾರಿಯಿಂದ. ಹುಲ್ಲುಗಾವಲಿನ ಹ್ಯಾಬೆನೇರಿಯಾವನ್ನು ಸಲಿಕೆಯಲ್ಲಿ ಎತ್ತಿ ತಂದು ಕುಂಡಕ್ಕೆ ಹಾಕಿದವರಿಗೆ ಸಾಮಾನ್ಯವಾಗಿ ಮರುವರ್ಷ ಸಿಗುವುದು ಖಾಲಿ ಕುಂಡ, ಏಕೆಂದರೆ ಅದನ್ನು ಸಾಕಿದ ಮಣ್ಣಿನ ಜೀವ ಜೊತೆಗೆ ಬರುವುದಿಲ್ಲ. ಅದನ್ನು ಅಲ್ಲಿಯೇ ಬಿಟ್ಟು, ಹೂವಿನ ಹದಿನೈದು ದಿನ ದನ ಕಟ್ಟದಿದ್ದರೆ ಅಷ್ಟೇ ದೊಡ್ಡ ಉಪಕಾರ. ಬೀಸುಗಾಳಿಗೆ ಮುರಿದುಬಿದ್ದ ಕೊಂಬೆಯ ಸೀತಾಳೆಯನ್ನು ಎತ್ತಿ ತಂದು, ನಿಮ್ಮದೇ ಮಾವಿನ ಮರದ ಒರಟು ತೊಗಟೆಗೆ ನಾರಿನಿಂದ ಕಟ್ಟುವುದು ಹಳ್ಳಿಗಳಲ್ಲಿ ಮೊದಲಿನಿಂದ ನಡೆದುಬಂದದ್ದು. ಮೀಸಲು ಕಾಡಿನೊಳಗಿನದಕ್ಕೆ ಮಾತ್ರ ಕೈ ಹಚ್ಚಬಾರದು, ಕಾನೂನು ಬಿಡುವುದಿಲ್ಲ.

ಇಷ್ಟು ಕೇಳಿಯೂ ಪ್ಲಿಯೋನಿಯೇ ಬೇಕೆಂದರೆ ನನ್ನ ಸಲಹೆ ಮ್ಯಾಕ್ಯುಲಾಟಾ. ಪ್ರೀಕಾಕ್ಸ್ ಹೆಚ್ಚಾಗಿ ಎತ್ತರದ ಗುಡ್ಡಗಳದು, ಮ್ಯಾಕ್ಯುಲಾಟಾ ಅದಕ್ಕಿಂತ ಕೆಳಗೂ ಇಳಿದು ಬಾಳುತ್ತದೆ, ಸೆಕೆಯನ್ನು ತುಸು ಹೆಚ್ಚು ತಾಳೀತು. ಬಡಗು ಮುಖದ ಜಗುಲಿ, ಹಸಿ ಗೋಣಿಚೀಲದ ಮರೆ, ಏಪ್ರಿಲ್–ಮೇ ಎರಡು ತಿಂಗಳು ಮನೆಯ ಅತಿ ತಂಪು ಕೋಣೆಯ ಕಿಟಕಿ. ಇಷ್ಟಾದರೂ ಗ್ಯಾರಂಟಿ ಇಲ್ಲ. ಮಡಿಕೇರಿ, ಕೆಮ್ಮಣ್ಣುಗುಂಡಿಯ ಎತ್ತರದಲ್ಲಿ ನೆಂಟರಿದ್ದರೆ ಗಡ್ಡೆಯನ್ನು ಅವರಿಗೇ ಕೊಟ್ಟು ಹೂವು ನೋಡಲು ಹೋಗಿಬರುವುದು ಒಳ್ಳೆಯದು. ತಡಸದ ಜಗುಲಿಗೆ ಡೇರೆ, ಅಂಗಳದ ಮಾವಿಗೆ ಸೀತಾಳೆ, ಹುಲ್ಲುಗಾವಲಿಗೆ ಹ್ಯಾಬೆನೇರಿಯಾ: ಈ ಮೂರೂ ಇಲ್ಲಿಯ ಬಿಸಿಲು ಕಂಡವು.

ಗಡ್ಡೆ ತರಿಸುವವರು ಒಂದೆರಡು ಮಾತು ನೆನಪಿಡಿ. ನೀಲಿ ಪ್ಲಿಯೋನಿ ಎಂಬುದಿಲ್ಲ. ಅಂಥ ಚಿತ್ರ ಹಾಕಿದ ಅಂಗಡಿಯಲ್ಲಿ ಕೊಳ್ಳಬೇಡಿ. ಲೋಕದ ಎಲ್ಲ ಆರ್ಕಿಡ್‌ಗಳೂ ಅಳಿವಿನಂಚಿನ ಗಿಡ–ಪ್ರಾಣಿಗಳ ವ್ಯಾಪಾರವನ್ನು ಹಿಡಿತದಲ್ಲಿಡುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ, ಹಾಗಾಗಿ ಹೊರದೇಶದಿಂದ ಕಾಗದಪತ್ರವಿಲ್ಲದೆ ಗಡ್ಡೆ ತರಿಸುವಂತಿಲ್ಲ. ದೇಶದೊಳಗೆ ಆರ್ಕಿಡ್ ತಳಿಗಳ ಬಗ್ಗೆ ತಿಳಿಯಬೇಕೆಂದರೆ ಸಿಕ್ಕಿಂನ ಪಾಕ್ಯೋಂಗ್‌ನಲ್ಲಿ 1996ರಿಂದ ನಡೆಯುತ್ತಿರುವ ರಾಷ್ಟ್ರೀಯ ಆರ್ಕಿಡ್ ಸಂಶೋಧನಾ ಕೇಂದ್ರವಿದೆ. ಮಾರುವವರನ್ನು ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ಗಡ್ಡೆ ನರ್ಸರಿಯಲ್ಲಿ ಬೆಳೆದದ್ದೋ ಗುಡ್ಡದಿಂದ ಕಿತ್ತದ್ದೋ ಎಂಬುದನ್ನು. ನೇರ ಉತ್ತರ ಬರದಿದ್ದರೆ ಹಣ ಕಳಿಸಬೇಡಿ.